ಒದ್ದೆ ಜೇಡಿಮಣ್ಣು ಎಷ್ಟು ಕುಗ್ಗುತ್ತದೆ, ಎಷ್ಟು ವರ್ಷದಲ್ಲಿ? ಎಕ್ಸೆಲ್‌ನಲ್ಲೇ ಲೆಕ್ಕ ಹಾಕಿ

ಶ್ರೀಖಂಡಕ್ಕೆಂದು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಭಾರ ಇಟ್ಟಿದ್ದೀರಾ? ಗಂಟು ತಕ್ಷಣ ಚಿಕ್ಕದಾಗುವುದಿಲ್ಲ. ನೀರು ಸೋರಿದಷ್ಟೇ ಕುಗ್ಗುತ್ತದೆ. ನೀರು ತುಂಬಿದ ಜೇಡಿಮಣ್ಣೂ ಹಾಗೆಯೇ. ಭಾರ ಬಿದ್ದಾಗ ಮೊದಲು ಹೊರುವುದು ಸಂದುಗಳಲ್ಲಿರುವ ನೀರು. ಅದು ಜಾಗ ಖಾಲಿ ಮಾಡಿದಂತೆ ಭಾರ ಮಣ್ಣಿನ ಕಣಗಳ ಮೇಲೆ ಬರುತ್ತದೆ, ನೆಲ ಇಳಿಯುತ್ತದೆ. 1920ರ ದಶಕದಲ್ಲಿ ಇದನ್ನು ಸಮೀಕರಣಕ್ಕೆ ತಂದವರು ಎಂಜಿನಿಯರ್ ಕಾರ್ಲ್ ಟೆರ್ಝಾಗಿ.

ಒಂದು ಉದಾಹರಣೆ ಹಿಡಿಯೋಣ. 4 ಮೀಟರ್ ಜೇಡಿಮಣ್ಣು, ಮೇಲೆ ಮರಳು, ಕೆಳಗೆ ನೀರು ಬಿಡದ ಬಂಡೆ. ಅದರ ಮೇಲೆ 3 ಮೀಟರ್ ಮಣ್ಣು ತುಂಬಿಸುತ್ತೀರಿ. ಅಂದರೆ ಸುಮಾರು 60 ಕಿಲೋಪಾಸ್ಕಲ್ ಒತ್ತಡ. ಒಂದು ಕಿಲೋಪಾಸ್ಕಲ್‌ಗೆ ಈ ಮಣ್ಣಿನ ಪ್ರತಿ ಮೀಟರ್ ಅರ್ಧ ಮಿಲಿಮೀಟರ್ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 12 ಸೆಂಟಿಮೀಟರ್. ಇದು ಬರೀ ಗುಣಾಕಾರ. ತಲೆನೋವು ಇರುವುದು ‘ಯಾವಾಗ’ ಎಂಬುದರಲ್ಲಿ.

ಪದರವನ್ನು 1 ಮೀಟರ್‌ನ ನಾಲ್ಕು ಹೋಳು ಮಾಡಿ. ಮೇಲಿನಿಂದ ಕೆಳಗೆ ಐದು ಬಿಂದುಗಳು, ಎಕ್ಸೆಲ್‌ನಲ್ಲಿ ಐದು ಕಾಲಂ. ಮೊದಲ ಸಾಲಿನಲ್ಲಿ ನೀರಿನ ಹೆಚ್ಚುವರಿ ಒತ್ತಡ ಬರೆಯಿರಿ: ಮರಳಿಗೆ ತಾಗುವ ಬಿಂದುವಿಗೆ 0, ಉಳಿದದ್ದಕ್ಕೆಲ್ಲ 60. ಕೆಳಗಿನ ಒಂದೊಂದು ಸಾಲೂ ಮೂರು ತಿಂಗಳು. ಮಣ್ಣಿನ ಕನ್ಸಾಲಿಡೇಶನ್ ಗುಣಾಂಕ, ಅಂದರೆ ನೀರು ಹೊರಹೋಗಿ ಮಣ್ಣು ಎಷ್ಟು ಬೇಗ ಕುಗ್ಗುತ್ತದೆ ಎಂಬುದರ ಅಳತೆ, ವರ್ಷಕ್ಕೆ 1 ಚದರ ಮೀಟರ್ ಆದರೆ ಸೂತ್ರ ಇಷ್ಟೇ (ಬಲಗಡೆಯ ಅಂಕಿಗಳೆಲ್ಲ ಹಿಂದಿನ ಸಾಲಿನವು; ‘ಮೇಲಿನದು’ ಎಂದರೆ ಎಡಗಡೆ ಕಾಲಂ, ‘ಕೆಳಗಿನದು’ ಎಂದರೆ ಬಲಗಡೆ ಕಾಲಂ):

ಹೊಸ ಒತ್ತಡ = ಹಳೆಯದು + 0.25 × (ಮೇಲಿನದು + ಕೆಳಗಿನದು − 2 × ಹಳೆಯದು)

ಬಂಡೆಯ ಬಿಂದುವಿಗೆ ‘ಕೆಳಗಿನದು’ ಇಲ್ಲ. ಅಲ್ಲಿ ಮೇಲಿನದನ್ನೇ ಎರಡು ಸಲ ಹಾಕಿ, ಕನ್ನಡಿ ಇಟ್ಟ ಹಾಗೆ. ಎರಡನೇ ಬಿಂದು 60ರಿಂದ 45ಕ್ಕೆ, ಮುಂದಿನ ಸಾಲಿನಲ್ಲಿ 37.5ಕ್ಕೆ ಇಳಿದರೆ ಸೂತ್ರ ಸರಿಯಾಗಿದೆ.

ಆ 0.25 ಎಲ್ಲಿಂದ ಬಂತು? ಗುಣಾಂಕವನ್ನು ಕಾಲದ ಹೆಜ್ಜೆಯಿಂದ ಗುಣಿಸಿ, ಹೋಳಿನ ದಪ್ಪದ ವರ್ಗದಿಂದ ಭಾಗಿಸಿದ್ದು. ಇದು 0.5 ದಾಟಬಾರದು. ಬೇಗ ಮುಗಿಸೋಣ ಅಂತ ಒಂದೊಂದು ವರ್ಷದ ಹೆಜ್ಜೆ ಹಾಕಿ ನೋಡಿ, ಎರಡನೇ ಬಿಂದು 0, 60, −60 ಎಂದು ಕುಣಿಯುತ್ತದೆ. ಮಣ್ಣು ಹಾಗೆ ಮಾಡುವುದಿಲ್ಲ, ಅಲ್ವಾ?

ಇನ್ನು ಇಳಿತ. ಪ್ರತಿ ಹೋಳಿನ ಸರಾಸರಿ ನೀರಿನ ಒತ್ತಡವನ್ನು 60ರಿಂದ ಕಳೆದು, ಅರ್ಧ ಮಿಲಿಮೀಟರ್‌ನಿಂದ ಗುಣಿಸಿ ಕೂಡಿಸಿ. ಆರು ತಿಂಗಳಿಗೆ 2.8 ಸೆಂಟಿಮೀಟರ್ ಬರುತ್ತದೆ. ಟೆರ್ಝಾಗಿ ಸಮೀಕರಣದ ನಿಖರ ಉತ್ತರ 2.4. ಹೋಳು ದಪ್ಪಗಿದ್ದರೆ ಆರಂಭದ ಲೆಕ್ಕ ಹೀಗೆ ಒರಟಾಗಿರುತ್ತದೆ. ಹೋಳನ್ನು ಅರ್ಧ ಮಾಡಬಹುದು, ಆದರೆ ಆಗ ಕಾಲದ ಹೆಜ್ಜೆ ಕಾಲು ಭಾಗವಾಗಬೇಕು. ಸಾಲುಗಳು ಜಾಸ್ತಿ, ಅಷ್ಟೇ.

ಶೇ 90ರಷ್ಟು ಇಳಿಯಲು ಸುಮಾರು ಹದಿಮೂರೂವರೆ ವರ್ಷ ಬೇಕು. ಈಗ ಬಂಡೆಯ ಜಾಗದಲ್ಲೂ ಮರಳಿದೆ ಎಂದು ಕೊನೆಯ ಕಾಲಂಗೆ 0 ಹಾಕಿ. ಮೂರೂವರೆ ವರ್ಷದೊಳಗೆ ಕೆಲಸ ಮುಗಿಯುತ್ತದೆ. ನೀರು ಹೋಗಬೇಕಾದ ದಾರಿ ಅರ್ಧವಾದರೆ ಕಾಲ ನಾಲ್ಕನೇ ಒಂದು ಭಾಗ. ಹಾಗಾಗಿ ಬೋರ್ ಹೊಡೆಸುವಾಗ ತೆಳು ಮರಳಿನ ಪಟ್ಟಿ ಸಿಕ್ಕರೆ ಬರೆದಿಟ್ಟುಕೊಳ್ಳಿ. ನನ್ನ ಪ್ರಕಾರ ದುಬಾರಿ ಸಾಫ್ಟ್‌ವೇರ್‌ಗಿಂತ ಅದೇ ಮುಖ್ಯ.

ಜಪಾನಿನ ಒಸಾಕಾ ಕೊಲ್ಲಿಯಲ್ಲಿ ದ್ವೀಪ ಕಟ್ಟಿ, 1994ರಲ್ಲಿ ಕನ್ಸಾಯ್ ವಿಮಾನ ನಿಲ್ದಾಣ ತೆರೆದರು. ಸಮುದ್ರತಳದ ಮೇಲ್ಪದರದ ಜೇಡಿಗೆ ಮರಳಿನ ಕಂಬಗಳನ್ನು ಇಳಿಸಿದ್ದರಿಂದ ಅಲ್ಲಿನ ನೀರು ಬೇಗ ಹೊರಬಂತು. ಅದರಡಿಯ ಹಳೆಯ, ದಪ್ಪ ಜೇಡಿಪದರಗಳಿಗೆ ಕಂಬ ಮುಟ್ಟಿಸಲು ಆಗಲಿಲ್ಲ. ಅವು ಇನ್ನೂ ಕುಗ್ಗುತ್ತಿವೆ. ಟರ್ಮಿನಲ್ ಕಟ್ಟಡದ ಕಂಬಗಳನ್ನು ಜಾಕ್ ಕೊಟ್ಟು ಎತ್ತಿ, ಸಂದಿಗೆ ಉಕ್ಕಿನ ತಗಡು ತೂರಿಸುತ್ತಾರೆ.