ಟ್ಯಾಂಕಿನ ವೆಂಟ್, ಹುಡುಗರ ಕೆಮ್ಮು: ನೀರಿನ ಪ್ಲಾಂಟಿನಲ್ಲಿ ಓಝೋನ್ ಹಿಡಿದ ನನ್ನ ಅನುಭವ

ತುಮಕೂರಿನ ಹೊರವಲಯದಲ್ಲಿರುವ ನಮ್ಮ ಕುಡಿಯುವ ನೀರಿನ ಪ್ಲಾಂಟಿನಲ್ಲಿ ಕ್ಯಾನ್ ತುಂಬುವ ಇಬ್ಬರು ಹುಡುಗರಿಗೆ ಸಂಜೆಯ ಹೊತ್ತಿಗೆ ಒಣಕೆಮ್ಮು, ಎದೆಬಿಗಿತ ಶುರುವಾಗುತ್ತಿತ್ತು. ಭಾನುವಾರ ರಜೆಯಾದರೆ ಇಳಿಯುತ್ತಿತ್ತು. ವೈದ್ಯರೊಬ್ಬರು ಧೂಳಿನ ಅಲರ್ಜಿ ಎಂದರು. ನನಗೆ ನೀರಿನ ರೋಗಾಣು ಕೊಲ್ಲಲು ಬಳಸುವ ಓಝೋನ್ ಅನಿಲದ ಮೇಲೆಯೇ ಅನುಮಾನ. ಬೇರೆ ಪ್ಲಾಂಟ್ ನಡೆಸುವ ಸ್ನೇಹಿತರು ಮಾತ್ರ, ವಾಸನೆ ಬಂದರೆ ತಾನೇ ಓಝೋನೇಟರ್ (ಓಝೋನ್ ತಯಾರಿಸುವ ಯಂತ್ರ) ಕೆಲಸ ಮಾಡುತ್ತಿದೆ ಎಂದು ಗೊತ್ತಾಗುವುದು ಎಂದು ನಕ್ಕರು. ಒಳಗೆ ಕಾಲಿಟ್ಟಾಗ ಮೂಗಿಗೆ ಹೊಡೆಯುವ ಆ ಘಾಟು ಹತ್ತು ನಿಮಿಷದಲ್ಲಿ ಗೊತ್ತಾಗದಂತಾಗುತ್ತದೆ. ಅನಿಲ ಅಲ್ಲೇ ಇರುತ್ತದೆ, ಮೂಗು ಸೋತಿರುತ್ತದೆ.

ಮೊದಲು ಎಲ್ಲರಿಗೂ ಎನ್‌95 ಮಾಸ್ಕ್ ಕೊಡಿಸಿದೆ. ಅದು ಧೂಳನ್ನು ತಡೆಯುತ್ತದೆಯೇ ಹೊರತು ಅನಿಲವನ್ನಲ್ಲ ಎಂಬುದು ಸುಮಾರು ₹3,000 ಕಳೆದ ಮೇಲೆ ತಲೆಗೆ ಹತ್ತಿತು. ಆಮೇಲೆ ₹6,000 ಕೊಟ್ಟು ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಕೆಮ್ಮು ಇನ್ನೂ ಹೆಚ್ಚಾಯಿತು. ಓಝೋನ್ ಬೆರೆಸುವ ಟ್ಯಾಂಕಿನ ವೆಂಟ್, ಅಂದರೆ ಅನಿಲ ಹೊರಬಿಡುವ ಕಿಂಡಿ, ಒಂದು ಗೋಡೆಯ ಬಳಿ, ಫ್ಯಾನ್ ಎದುರು ಗೋಡೆಯಲ್ಲಿ, ನಡುವೆ ತುಂಬುವವರು. ಅನಿಲವನ್ನು ಅವರ ಮುಖದ ಮುಂದಿನಿಂದಲೇ ಎಳೆದೊಯ್ಯುವ ಏರ್ಪಾಡನ್ನು ನಾನೇ ದುಡ್ಡು ಕೊಟ್ಟು ಮಾಡಿಸಿದ್ದೆ.

ಕೊನೆಗೆ ₹28,000ದ ಆಸುಪಾಸಿನಲ್ಲಿ ಗಾಳಿಯ ಓಝೋನ್ ಅಳೆಯುವ ಮೀಟರ್ ತಂದೆ. ತುಂಬುವ ಜಾಗದಲ್ಲಿ ಅದು 0.25ರಿಂದ 0.3 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ) ತೋರಿಸಿತು. 1948ರ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿ ಎಂಟು ಗಂಟೆಗಳ ಸರಾಸರಿಗೆ ಹೇಳುತ್ತಿದ್ದ ಮಿತಿ 0.1. ಎಲ್ಲರೂ ಬೈಯುತ್ತಿದ್ದ ಓಝೋನೇಟರಿನ ಬಳಿ ಏನೂ ಸೋರುತ್ತಿರಲಿಲ್ಲ. ನೀರಿನಲ್ಲಿ ಕರಗದೆ ಉಳಿದ ಓಝೋನ್ ಟ್ಯಾಂಕಿನ ವೆಂಟ್‌ನಿಂದ ಕೋಣೆಗೇ ಬರುತ್ತಿತ್ತು.

ಇದರ ನಡುವೆ ಒಂದು ಆಟವನ್ನೂ ಆಡಿದೆ. ಎಳೆದು ಹಿಡಿದ ರಬ್ಬರ್ ಓಝೋನ್ ತಾಗಿದರೆ ಸೀಳುತ್ತದೆ. ಮಾಮೂಲಿ ರಬ್ಬರ್ ಬ್ಯಾಂಡುಗಳನ್ನು ಮೊಳೆಗಳ ನಡುವೆ ಎಳೆದು ಕಟ್ಟಿ ಅಲ್ಲಲ್ಲಿ ಬಿಟ್ಟಾಗ, ವೆಂಟ್ ಬಳಿಯದು ಎರಡೇ ದಿನಕ್ಕೆ ಅಡ್ಡಡ್ಡ ಸೀಳಿತು. ಟ್ಯಾಂಕಿನ ಮುಚ್ಚಳದ ಬಳಿಯದೂ ನಾಲ್ಕೈದು ದಿನದಲ್ಲಿ ಸೀಳಿದ್ದರಿಂದ ಗ್ಯಾಸ್ಕೆಟ್ ಸೋರುತ್ತಿದ್ದುದು ಪತ್ತೆಯಾಯಿತು. ಅಳತೆಗೆ ಇದು ಬಾರದು, ಜಾಗ ಹುಡುಕಲು ಸಾಕು.

ಓಝೋನ್ ತಡೆಯಲು ವೆಂಟ್‌ಗೆ ಇದ್ದಿಲಿನ ಡ್ರಮ್ ಜೋಡಿಸಿದ್ದು ಮೂರು ವಾರ ಚೆನ್ನಾಗಿ ನಡೆಯಿತು. ಬಳಿಕ ಇದ್ದಿಲು ತೇವ ಹಿಡಿದು ಕಟ್ಟಿಕೊಂಡು, ಒತ್ತಡ ಹಿಂದಕ್ಕೆ ಬಂದು ಅನಿಲ ಮುಚ್ಚಳದಿಂದಲೇ ಹೊರಟಿತು. ₹11,000 ನೀರಿನಲ್ಲಿ ಹೋಯಿತು. ಕೊನೆಗೆ ಕೈಹಿಡಿದದ್ದು ಓಝೋನನ್ನು ಆಮ್ಲಜನಕವಾಗಿಸುವ ಮ್ಯಾಂಗನೀಸ್ ಡೈಆಕ್ಸೈಡ್ ವೇಗವರ್ಧಕ. ಅದಕ್ಕೂ ತೇವವೇ ಶತ್ರುವಾದ್ದರಿಂದ ಮುಂದೆ ನೀರು ಹಿಡಿಯುವ ಪಾತ್ರೆಯಿಟ್ಟು, ಅನಿಲವನ್ನು ತುಸು ಬಿಸಿ ಮಾಡಿ ಒಳಬಿಡುತ್ತೇನೆ. ಹೊರಬರುವ ಪೈಪನ್ನು ಚಾವಣಿಯ ಮೇಲಕ್ಕೆ ಒಯ್ದಿದ್ದೇನೆ. ನೀರಿನ ಹರಿವು ನಿಂತರೆ ಓಝೋನೇಟರ್ ತಾನೇ ನಿಲ್ಲುವಂತೆ ವೈರಿಂಗ್ ಬದಲಿಸಿದೆ. ಒಟ್ಟು ₹70,000 ದಾಟಿರಬೇಕು.

ಒಂದು ವರ್ಷದಿಂದ ಮೀಟರ್ 0.04 ದಾಟಿಲ್ಲ, ನೀರಿನಲ್ಲಿ ಉಳಿಯುವ ಓಝೋನ್ ಒಂದಿಷ್ಟೂ ಕಡಿಮೆಯಾಗಿಲ್ಲ. ಒಬ್ಬ ಹುಡುಗನ ಕೆಮ್ಮು ಪೂರ್ತಿ ಹೋಯಿತು. ಚಿಕ್ಕಂದಿನಿಂದ ಉಬ್ಬಸವಿದ್ದ ಇನ್ನೊಬ್ಬನನ್ನು ಲೋಡಿಂಗ್‌ಗೆ ಕಳುಹಿಸಿದ್ದೇನೆ. ಅಂದು ನಕ್ಕವರಲ್ಲಿ ಇಬ್ಬರು ಮೊನ್ನೆ ಬಂದು ಅಳತೆ ಬರೆದುಕೊಂಡು ಹೋದರು. ಪಾತ್ರೆಯ ಅಳತೆ ಕೊಟ್ಟೆ. ಬಿಸಿ ಮಾಡುವ ಕ್ರಮವನ್ನು ಕೊಡಲಿಲ್ಲ.