ಮಾಡ್‌ಸೆಕ್ಯುರಿಟಿ: ಹಾಕಲು ಹತ್ತು ನಿಮಿಷ, ಹದಕ್ಕೆ ತರಲು ಒಂದೂವರೆ ತಿಂಗಳು

ನಾನು ನೋಡಿಕೊಳ್ಳುವ ಅಪ್ಲಿಕೇಶನ್ ಹಳೆಯದು. ಕೋಡ್ ಬರೆದವರು ಯಾರೂ ಈಗ ಕೆಲಸದಲ್ಲಿಲ್ಲ. ಬಳಕೆದಾರರು ಟೈಪ್ ಮಾಡಿದ್ದು ಹಾಗೇ ಎಸ್‌ಕ್ಯೂಎಲ್ ಒಳಗೆ, ಅಂದರೆ ಡೇಟಾಬೇಸಿಗೆ ಕೊಡುವ ಆದೇಶದೊಳಗೆ, ಸೇರಿ ದಾಳಿಗೆ ದಾರಿಯಾಗುವ ಜಾಗಗಳು ಎಷ್ಟಿವೆಯೋ ಲೆಕ್ಕ ಸಿಕ್ಕಿಲ್ಲ. ಒಂದೊಂದನ್ನೇ ಹುಡುಕಿ ಸರಿಮಾಡುವ ತನಕ ಮುಂದೆ ಒಂದು ಫಿಲ್ಟರ್ ಇರಲಿ ಎಂದು ಅಪಾಚೆ ವೆಬ್ ಸರ್ವರಿಗೆ ಮಾಡ್‌ಸೆಕ್ಯುರಿಟಿ ಹಾಕಲು ಹೊರಟೆ. 2002ರಲ್ಲಿ ಇವಾನ್ ರಿಸ್ಟಿಚ್ ಶುರು ಮಾಡಿದ ಯೋಜನೆ ಇದು, 2024ರಿಂದ ವೆಬ್ ಸುರಕ್ಷತೆಯ ಸಂಸ್ಥೆಯಾದ ಓವಾಸ್ಪ್ ಸುಪರ್ದಿಯಲ್ಲಿದೆ. ಬರುವ ರಿಕ್ವೆಸ್ಟನ್ನು ಬಿಚ್ಚಿ ಓದುವುದಷ್ಟೇ ಅದರ ಕೆಲಸ. ಯಾವುದು ಕೆಟ್ಟದ್ದು ಎಂದು ಹೇಳುವ ನಿಯಮಗಳು ಕೋರ್ ರೂಲ್ ಸೆಟ್ ಎಂಬ ಬೇರೆ ಕಂತೆಯಲ್ಲಿರುತ್ತವೆ. ಎರಡನ್ನೂ ಹಾಕಬೇಕು.

ಉಬುಂಟುವಿನಲ್ಲಿ ಎರಡಕ್ಕೂ ಪ್ಯಾಕೇಜ್ ಇದೆ. ಹಾಕಿದೆ, ಅಪಾಚೆ ರೀಸ್ಟಾರ್ಟ್ ಮಾಡಿದೆ. ಎರರ್ ಲಾಗಿನಲ್ಲಿ ಮಾಡ್‌ಸೆಕ್ಯುರಿಟಿ ಕಾನ್ಫಿಗರ್ ಆಗಿದೆ ಎಂಬ ಸಾಲೂ ಬಂತು. ಪರೀಕ್ಷೆಗೆಂದು ಕರ್ಲ್ ಎಂಬ ಕಮಾಂಡಿನಿಂದ, ವಿಳಾಸದ ಕೊನೆಗೆ ದಾಳಿಕೋರರು ಕೇಳುವ ‘ಇಟಿಸಿ ಪಾಸ್‌ವರ್ಡ್’ ಫೈಲಿನ ದಾರಿ ಅಂಟಿಸಿ ಕಳಿಸಿದರೆ ಉತ್ತರ 200, ಅಂದರೆ ಎಲ್ಲ ಸರಿ. ಆರಾಮಾಗಿ ಒಳಗೆ ಬಿಟ್ಟಿತ್ತು, ಲಾಗಿನಲ್ಲಿ ಒಂದಕ್ಷರವೂ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಕಾರಣ ಕಂಡಿತು. ಪ್ಯಾಕೇಜ್ ಜೊತೆ ಬರುವ ಕಾನ್ಫಿಗ್ ಫೈಲಿನ ಹೆಸರಿನ ತುದಿಗೆ ‘ರೆಕಮೆಂಡೆಡ್’ ಎಂಬ ಬಾಲ ಇರುತ್ತದೆ. ಅಪಾಚೆ ಓದುವುದು ‘ಡಾಟ್ ಕಾನ್ಫ್’ ಎಂದು ಮುಗಿಯುವ ಫೈಲುಗಳನ್ನು ಮಾತ್ರ. ಬಾಲ ಕತ್ತರಿಸಿ ನಕಲು ಮಾಡದಿದ್ದರೆ ಮಾಡ್ಯೂಲ್ ಲೋಡ್ ಆಗಿರುತ್ತದೆ, ಎಂಜಿನ್ ಮಾತ್ರ ಆಫ್. ಕಾನ್ಫಿಗರ್ ಆಗಿದೆ ಎಂಬ ಆ ಸಾಲನ್ನು ಅವತ್ತಿನಿಂದ ನಂಬುವುದು ಬಿಟ್ಟೆ.

ನಕಲು ಮಾಡಿದ ಮೇಲೂ ಅದು ಯಾರನ್ನೂ ತಡೆಯುವುದಿಲ್ಲ. ‘ಡಿಟೆಕ್ಷನ್ ಓನ್ಲಿ’ ಎಂಬ ಸ್ಥಿತಿಯಲ್ಲಿ ಬರುತ್ತದೆ: ತಪ್ಪು ಕಂಡರೆ ಬರೆದಿಡುತ್ತದೆ, ಕೈ ಎತ್ತುವುದಿಲ್ಲ. ಇದು ಒಳ್ಳೆಯದೇ. ಎರಡು ವಾರ ಹಾಗೇ ಬಿಟ್ಟು ದಿನಾ ಬೆಳಿಗ್ಗೆ, ಅದು ಬರೆದಿಡುವ ಆಡಿಟ್ ಲಾಗ್ ಓದಿದೆ.

ಮೂರನೇ ದಿನ ಅದರಲ್ಲಿ ನಮ್ಮವರೊಬ್ಬರ ಪಾಸ್‌ವರ್ಡ್ ಅಚ್ಚುಕಟ್ಟಾಗಿ ಕೂತಿತ್ತು. ಲಾಗಿನ್ ತಪ್ಪಿದರೆ ನಮ್ಮ ಅಪ್ಲಿಕೇಶನ್ 401 ಎಂಬ ಉತ್ತರ ಕೊಡುತ್ತದೆ. ‘ಪುಟ ಸಿಗಲಿಲ್ಲ’ ಎನ್ನುವ 404 ಒಂದನ್ನು ಬಿಟ್ಟು, ಏನೋ ತಪ್ಪಿದೆ ಎನ್ನುವ 400ರ ಮತ್ತು 500ರ ಸಾಲಿನ ಎಲ್ಲ ಉತ್ತರಗಳೂ ಆಡಿಟ್ ಲಾಗಿಗೆ ಹೋಗುತ್ತವೆ, ಫಾರಂನಲ್ಲಿ ತುಂಬಿದ್ದೂ ಸಹಿತ. ಒಂದಕ್ಷರ ತಪ್ಪಿ ಹೊಡೆದ ಪಾಸ್‌ವರ್ಡ್ ನೋಡಿದರೆ ಸರಿಯಾದದ್ದನ್ನು ಊಹಿಸಲು ಎಷ್ಟು ಹೊತ್ತು ಬೇಕು? ‘ಸ್ಯಾನಿಟೈಸ್ ಆರ್ಗ್’ ಎಂಬ ಆಕ್ಷನ್ ಇದಕ್ಕೆಂದೇ ಇದೆ. ಫೀಲ್ಡಿನ ಹೆಸರು ಕೊಟ್ಟರೆ ಲಾಗಿನಲ್ಲಿ ಅದರ ಬದಲು ನಕ್ಷತ್ರಗಳು ಬೀಳುತ್ತವೆ. ಅದನ್ನು ಹಾಕಿ ಹಳೆಯ ಲಾಗ್ ಅಳಿಸಿದೆ, ಆ ಸಹೋದ್ಯೋಗಿಗೆ ಪಾಸ್‌ವರ್ಡ್ ಬದಲಾಯಿಸಲು ಹೇಳಿದೆ. ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು ಅಂಕಗಳ ವಿಚಾರ. ಒಂದು ನಿಯಮ ಮುಟ್ಟಿದ ಕೂಡಲೇ ರಿಕ್ವೆಸ್ಟ್ ಬೀಳುವುದಿಲ್ಲ. ಗಂಭೀರ ನಿಯಮಕ್ಕೆ 5, ಎರರ್‌ಗೆ 4, ವಾರ್ನಿಂಗಿಗೆ 3, ನೋಟಿಸ್‌ಗೆ 2 ಎಂದು ಅಂಕ ಕೂಡುತ್ತಾ ಹೋಗುತ್ತದೆ. ಒಟ್ಟು 5 ಮುಟ್ಟಿದರೆ ಕೊನೆಯಲ್ಲಿ 949110 ಎಂಬ ನಿಯಮ 403, ಅಂದರೆ ಪ್ರವೇಶವಿಲ್ಲ ಎಂಬ ಉತ್ತರ, ಕೊಟ್ಟು ಕಳಿಸುತ್ತದೆ. ಹೊಸಬರು ಲಾಗಿನಲ್ಲಿ 949110 ನೋಡಿ ಅದನ್ನೇ ತೆಗೆದುಹಾಕಿಬಿಡುತ್ತಾರೆ. ಆಮೇಲೆ ಏನು ಬಂದರೂ ಒಳಗೆ! ಅದು ತೀರ್ಪು ಓದುವ ನಿಯಮ ಮಾತ್ರ; ದೂರು ಕೊಟ್ಟದ್ದು ಯಾರು ಎಂದು ಅದರ ಹಿಂದಿನ ಸಾಲುಗಳಲ್ಲಿ ಹುಡುಕಬೇಕು.

ಹಾಗೆ ಹುಡುಕಿದಾಗ ಸಿಕ್ಕ ದೂರುಗಳಲ್ಲಿ ಹೆಚ್ಚಿನವು ನಮ್ಮವರ ಮೇಲೆಯೇ. ಸರ್ವರುಗಳಿಗೆ ರಿಕ್ವೆಸ್ಟ್ ಹಂಚುವ ಲೋಡ್ ಬ್ಯಾಲೆನ್ಸರ್ ಹತ್ತು ಸೆಕೆಂಡಿಗೊಮ್ಮೆ ಸರ್ವರ್ ಬದುಕಿದೆಯೇ ಎಂದು ಕೇಳುವಾಗ ಹೋಸ್ಟ್ ಹೆಸರಿನ ಜಾಗದಲ್ಲಿ ಐಪಿ ಸಂಖ್ಯೆ ಕೊಡುತ್ತಿತ್ತು, 920350 ಎಂಬ ನಿಯಮಕ್ಕೆ ಅದು ಆಗದು. ಮೂರೇ ಅಂಕ, ತಡೆಯುವುದಿಲ್ಲ, ಆದರೆ ಲಾಗ್ ತುಂಬಾ ಅದೇ. ಮೊಬೈಲ್ ಆ್ಯಪ್ ಮಾಹಿತಿ ಬದಲಿಸಲು, ಅಳಿಸಲು ಬಳಸುವ ಪುಟ್ ಮತ್ತು ಡಿಲೀಟ್ ಮೆಥಡ್‌ಗಳು ಅನುಮತಿಯ ಪಟ್ಟಿಯಲ್ಲೇ ಇರಲಿಲ್ಲ. ಲೇಖನ ಬರೆಯುವ ಎಡಿಟರ್ ಕಳಿಸುವ ಎಚ್‌ಟಿಎಂಎಲ್ ಅಂತೂ, ಪುಟದೊಳಗೆ ಸ್ಕ್ರಿಪ್ಟ್ ತೂರಿಸುವವರನ್ನು ಹಿಡಿಯುವ 941ರ ಸರಣಿಯ ಅರ್ಧ ನಿಯಮಗಳನ್ನು ಎಬ್ಬಿಸುತ್ತಿತ್ತು.

ಎಡಿಟರ್‌ಗೆ ವಿನಾಯಿತಿ ಬರೆಯುವಾಗ ಮತ್ತೆ ಎಡವಿದೆ. ಆ ಒಂದು ಫೀಲ್ಡನ್ನು ಮಾತ್ರ ಬಿಡು ಎಂದು ‘ಅಪ್‌ಡೇಟ್ ಟಾರ್ಗೆಟ್’ ಸಾಲನ್ನು, ವಿನಾಯಿತಿಗೆಂದೇ ಇರುವ ಎರಡು ಫೈಲುಗಳಲ್ಲಿ ಹೆಸರಿನಲ್ಲಿ 900 ಇರುವುದಕ್ಕೆ ಹಾಕಿದೆ. ಕಾನ್ಫಿಗ್ ಟೆಸ್ಟ್ ‘ಸಿಂಟ್ಯಾಕ್ಸ್ ಓಕೆ’ ಎಂದಿತು, ದೂರು ಮಾತ್ರ ನಿಲ್ಲಲಿಲ್ಲ. 900ರ ಫೈಲ್ ಓದುವುದು ನಿಯಮಗಳಿಗಿಂತ ಮೊದಲು. ಇನ್ನೂ ಹುಟ್ಟದ ನಿಯಮವನ್ನು ತಿದ್ದು ಎಂದರೆ ಏನು ತಿದ್ದೀತು? ಇಂಥ ತಿದ್ದುಪಡಿ ನಿಯಮಗಳ ನಂತರ ಓದುವ 999ರ ಫೈಲಿನಲ್ಲಿರಬೇಕು. ಒಂದು ವಿಳಾಸಕ್ಕೆ ಮಾತ್ರ ಸೀಮಿತವಾಗಿ, ರಿಕ್ವೆಸ್ಟ್ ಬಂದಾಗ ‘ಸಿಟಿಎಲ್’ ಎಂಬ ಆಕ್ಷನ್ ಮೂಲಕ ಕೊಡುವ ವಿನಾಯಿತಿಯಾದರೆ 900ರಲ್ಲಿ.

ಲಾಗ್ ತಿಳಿಯಾದ ಮೇಲೆ ಒಂದು ಸೋಮವಾರ ಎಂಜಿನ್ ಆನ್ ಮಾಡಿದೆ. ಅಂಕದ ಮಿತಿಯನ್ನು ಒಮ್ಮೆಲೇ 5ಕ್ಕೆ ಇಡಲಿಲ್ಲ. ಮೊದಲು 50, ಆಮೇಲೆ 20, 10 ಎಂದು ವಾರಕ್ಕೊಮ್ಮೆ ಇಳಿಸುವುದೆಂದು ಲೆಕ್ಕ ಹಾಕಿದ್ದೆ. ಆದರೂ ಮಧ್ಯಾಹ್ನಕ್ಕೇ ಫೋನ್: “ಸರ್, ದೊಡ್ಡ ಪಿಡಿಎಫ್ ಒಂದೂ ಹೋಗ್ತಿಲ್ಲ. ಶುಕ್ರವಾರದ ತನಕ ಸರಿ ಇತ್ತು.” ನೋಡಿದರೆ 413, ಕಳಿಸಿದ್ದು ತೀರಾ ದೊಡ್ಡದು ಎಂಬ ಉತ್ತರ. ರಿಕ್ವೆಸ್ಟ್ ಬಾಡಿಯ, ಅಂದರೆ ಕಳಿಸುವ ಮಾಹಿತಿಯ, ಮಿತಿ 13107200 ಬೈಟ್, ಅಂದರೆ ಹನ್ನೆರಡೂವರೆ ಎಂಬಿ. ಅದನ್ನು ದಾಟಿದ್ದನ್ನು ತಿರಸ್ಕರಿಸು ಎಂದು ಫೈಲಿನಲ್ಲೇ ಇದೆ. ಎರಡು ವಾರ ಇದು ಕಾಣಲಿಲ್ಲ ಯಾಕೆಂದರೆ, ಡಿಟೆಕ್ಷನ್ ಸ್ಥಿತಿಯಲ್ಲಿ ಆ ತಿರಸ್ಕಾರವನ್ನು ಅದು ತಾನಾಗಿಯೇ ಸಡಿಲಿಸಿ, ಮಿತಿಯ ತನಕ ಓದಿ ಉಳಿದದ್ದನ್ನು ಬಿಡುತ್ತದೆ. ಈ ಮಾತು ಕಾನ್ಫಿಗ್ ಫೈಲಿನ ಕಾಮೆಂಟಿನಲ್ಲಿ ಬರೆದೇ ಇದೆ. ಓದದವನು ನಾನು. ಅಂಕದ ಮಿತಿಗೂ ಇದಕ್ಕೂ ಸಂಬಂಧವಿಲ್ಲ, 50 ಇಟ್ಟರೂ ಉಳಿಗಾಲವಿಲ್ಲ.

ಮಿತಿ 5ಕ್ಕೆ ಇಳಿದು ವಾರ ಕಳೆದ ಮೇಲೆ ಸ್ವಲ್ಪ ಉಮೇದು ಹೆಚ್ಚಾಯಿತು. ಪ್ಯಾರನೋಯಾ ಲೆವೆಲ್ ಎಂದು 1ರಿಂದ 4ರ ತನಕ ಇದೆ, ಏರಿಸಿದಷ್ಟೂ ಅನುಮಾನ ಜಾಸ್ತಿ. ಟೆಸ್ಟ್ ಸರ್ವರಿನಲ್ಲಿ 3ಕ್ಕೆ ಇಟ್ಟು, ಹೆಸರಿನ ಜಾಗದಲ್ಲಿ ಬರೀ ‘ಕ’ ಎಂದು ಬರೆದು ಕಳಿಸಿದೆ. 403! ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆಯುವ ಯುಟಿಎಫ್-8ರಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಬೈಟ್. ಮೂರನೇ ಹಂತದ 920272 ಎಂಬ ನಿಯಮ ಒಪ್ಪುವುದು 32ರಿಂದ 126ರ ತನಕದ ಬೈಟುಗಳನ್ನು, ಅದರಲ್ಲೂ 37 ಬಿಟ್ಟು. ಅಂದರೆ ಇಂಗ್ಲಿಷ್ ಕೀಬೋರ್ಡಿನ ಅಕ್ಷರಗಳ ಆಚೆಗಿನ ಯಾವ ಲಿಪಿಗೂ ಅಲ್ಲಿ ಪ್ರವೇಶವಿಲ್ಲ. ಇಂಗ್ಲಿಷಿನಲ್ಲೇ ಬರೆದರೂ ಮನೆಯ ವಿಳಾಸದ ಮಧ್ಯೆ ಎಂಟರ್ ಒತ್ತಿದರೆ ಅದೇ ಗತಿ. ಸಾಲು ಮುರಿಯುವ 13 ಮತ್ತು 10 ಕೂಡ ವ್ಯಾಪ್ತಿಯ ಹೊರಗೆ.

ಈಗ ಲೆವೆಲ್ 1ರಲ್ಲೇ ಇದೆ. 999ರ ಫೈಲಿನಲ್ಲಿ ಹನ್ನೊಂದು ವಿನಾಯಿತಿಗಳಿವೆ, ಪ್ರತಿಯೊಂದರ ಮೇಲೂ ಯಾವ ಪೇಜಿಗೆ, ಯಾವ ದಿನ, ಯಾರು ಕೇಳಿದರು ಎಂಬ ಕಾಮೆಂಟ್ ಇದೆ. ಒಂದರ ಮೇಲೆ ಮಾತ್ರ ‘ತಾತ್ಕಾಲಿಕ’ ಎಂದಷ್ಟೇ ಬರೆದಿದ್ದೇನೆ. ಅದು ಯಾವುದಕ್ಕೆಂದು ಹುಡುಕುತ್ತಿದ್ದೇನೆ.