ಅಧ್ಯಕ್ಷರ ಪಟ್ಟಿ ಬಿಟ್ಟು ಅಮೆರಿಕದ ಇತಿಹಾಸದ ರಿವಿಷನ್: ನಾಲ್ಕು ಸಾಲಿನ ಪದ್ಧತಿ, ನನ್ನ ಅನುಭವ

ಅಮೆರಿಕದ ಹೈಸ್ಕೂಲ್ ಮಕ್ಕಳು ಬರೆಯುವ ಕಾಲೇಜು ಮಟ್ಟದ ಪರೀಕ್ಷೆ ಎಪಿ ಯುಎಸ್ ಹಿಸ್ಟರಿಗೆ ರಿವಿಷನ್ ಮಾಡಿಸುವವರಲ್ಲಿ ಬಹುಪಾಲು ಜನ ಅಧ್ಯಕ್ಷರ ಪಟ್ಟಿಯಿಂದಲೇ ಶುರು ಮಾಡುತ್ತಾರೆ. ನಾನು ಆ ಪಟ್ಟಿಯನ್ನೇ ಕೈಬಿಟ್ಟೆ. ಅದಿಲ್ಲದೆ ಮಕ್ಕಳಿಗೆ ಕಾಲಕ್ರಮ ತಲೆಗೆ ಹತ್ತುವುದಿಲ್ಲ ಎಂದು ಕನ್ನಡ ಕೂಟದ ಮಕ್ಕಳಿಗೆ ಪಾಠ ಹೇಳುವ ಗೆಳೆಯರೇ ವಾದ ಮಾಡಿದ್ದರು. ಕಳೆದ ಬ್ಯಾಚಿನಲ್ಲಿ ಹೆಚ್ಚಿನವರಿಗೆ ಐದಕ್ಕೆ ನಾಲ್ಕು, ಐದು ಬಂತು. ಅಣಕು ಪರೀಕ್ಷೆಯಲ್ಲಿ ಎರಡು ದಾಟದವರೂ ಅವರಲ್ಲಿದ್ದರು. ಈಗ ಕೇಳುವವರು ಹೆಚ್ಚಾದ್ದರಿಂದ ಪದ್ಧತಿಯನ್ನು ಬರೆದಿಡುತ್ತಿದ್ದೇನೆ. 1607ರಿಂದ 1898ರವರೆಗಿನದು ಮಾತ್ರ.

ಮೂರಡಿ ಅಗಲದ ಕಂದು ಕಾಗದದ ರೋಲ್ ಬೇಕು. ಅದರ ಉದ್ದಕ್ಕೂ ನಾಲ್ಕು ಸಾಲು: ನೆಲ ಯಾರ ಕೈಯಲ್ಲಿದೆ, ದುಡಿಯುವವರು ಯಾರು, ಸಾಲ ಮತ್ತು ಸುಂಕ ಯಾರ ತಲೆಯ ಮೇಲೆ, ಮತ ಯಾರಿಗಿದೆ. ಪ್ರತಿ ಘಟನೆಗೂ ಒಂದು ಚೀಟಿ. ಆ ಚೀಟಿಯಿಂದ ಕಡಿಮೆಯೆಂದರೆ ಎರಡು ಸಾಲಿಗೆ ಗೆರೆ ಎಳೆಯಲೇಬೇಕು. ಒಂದೇ ಸಾಲಿಗೆ ತಾಗುವ ಚೀಟಿಯನ್ನು ಪಕ್ಕಕ್ಕಿಡುತ್ತೇನೆ. ಬಹುತೇಕ ಸಲ ಅದು ಮಗು ಹೆಸರು ಮಾತ್ರ ಉರುಹೊಡೆದ ಘಟನೆ.

ಎಲ್ಲರೂ ಎಡವುವುದು ಅಳತೆಯಲ್ಲಿ. ವರ್ಷಕ್ಕೆ ಒಂದು ಇಂಚು ಎಂದು ಸಮನಾಗಿ ಹಂಚಿದರೆ 1754ರವರೆಗಿನ ಹನ್ನೆರಡು ಅಡಿ ಬಹುಪಾಲು ಖಾಲಿ ಉಳಿಯುತ್ತದೆ. 1850ರ ದಶಕಕ್ಕೆ ಬಂದಾಗ ಚೀಟಿಯ ಮೇಲೆ ಚೀಟಿ. ನಾನು ಕೊಡುವ ಜಾಗ ಹೀಗೆ: 1607ರಿಂದ 1754ಕ್ಕೆ ಮೂರಡಿ, ಅಲ್ಲಿಂದ 1800ಕ್ಕೆ ಆರಡಿ, 1844ರವರೆಗೆ ಇನ್ನೂ ಆರು, 1877ರವರೆಗೆ ಏಳು, ಕೊನೆಗೆ ನಾಲ್ಕು. ಪರೀಕ್ಷೆಯ ಅಂಕಗಳ ತೂಕವೂ ಹೆಚ್ಚುಕಡಿಮೆ ಹೀಗೇ ಇದೆ. 1607ರಿಂದ 1754ರ ಘಟ್ಟಕ್ಕೆ ಶೇ. 6ರಿಂದ 8, ಆಮೇಲಿನ ಒಂದೊಂದು ಘಟ್ಟಕ್ಕೂ ಶೇ. 10ರಿಂದ 17. ಪ್ಯೂರಿಟನ್ನರ ಮೇಲೆ ಮೂರು ವಾರ ಕಳೆದು ರೈಲು ಕಂಪನಿಗಳನ್ನು ಒಂದು ಸಂಜೆಗೆ ತುರುಕುವವರು ಇದನ್ನು ಒಮ್ಮೆ ನೋಡಬೇಕು.

ಖರ್ಚು ದೊಡ್ಡದಲ್ಲ. ರೋಲಿಗೆ ಇಪ್ಪತ್ತು ಡಾಲರ್ ಆಸುಪಾಸು, ಚೀಟಿ, ಅಂಟು, ಕ್ರೇಯಾನ್, ಗ್ರಂಥಾಲಯದಲ್ಲಿ ಪ್ರಿಂಟ್ ಎಲ್ಲ ಸೇರಿ ಒಂದು ಬ್ಯಾಚಿಗೆ ಐವತ್ತರೊಳಗೆ ಮುಗಿಯುತ್ತದೆ. ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳನ್ನು ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಬಿಟ್ಟಿಯಾಗಿಯೇ ಕೊಡುತ್ತದೆ. ಪರೀಕ್ಷಾ ಶುಲ್ಕವೇ ನೂರು ಡಾಲರ್ ಹತ್ತಿರ. ಕೋಚಿಂಗ್‌ಗೆ ಸಾವಿರ ಸುರಿಯುವವರಿದ್ದಾರೆ, ಈ ಪಠ್ಯಕ್ಕೆ ಅಷ್ಟು ಬೇಕಿಲ್ಲ. ಎರಡು ಎಚ್ಚರಿಕೆ: ಸ್ಕೆಚ್ ಪೆನ್ನಿನ ಶಾಯಿ ಕಂದು ಕಾಗದ ದಾಟಿ ನೆಲಕ್ಕಿಳಿಯುತ್ತದೆ, ಕ್ರೇಯಾನ್ ಬಳಸಿ. ಸ್ಟಿಕ್ಕಿ ನೋಟ್ ವಾರದೊಳಗೆ ಉದುರುತ್ತದೆ, ಮಾಸ್ಕಿಂಗ್ ಟೇಪ್ ಹಾಕಿ.

ಮೊದಲ ಮೂರಡಿಯಲ್ಲಿ ನಾನು ನಿಲ್ಲುವುದು ವರ್ಜೀನಿಯಾದಲ್ಲಿ. 1618ರಲ್ಲಿ ತಲೆಗೆ 50 ಎಕರೆ ಕೊಡುವ ನಿಯಮ, 1619ರಲ್ಲಿ ಪ್ರತಿನಿಧಿ ಸಭೆ, ಅದೇ ವರ್ಷ ಆಫ್ರಿಕನ್ನರನ್ನು ಹೊತ್ತು ಬಂದ ಹಡಗು. ನೆಲ, ಮತ, ದುಡಿಮೆ ಮೂರೂ ಒಂದೇ ಗೇಣಿನಲ್ಲಿ ಕೂರುತ್ತವೆ. ಆಮೇಲೆ 1662ರ ಕಾನೂನು: ತಾಯಿ ಗುಲಾಮಳಾದರೆ ಮಗುವೂ ಗುಲಾಮ. 1676ರಲ್ಲಿ ಬೇಕನ್ ದಂಗೆ. ಕರಾರಿನ ಅವಧಿ ಮುಗಿಸಿಯೂ ನೆಲ ಸಿಗದ ಬಿಳಿ ಆಳುಗಳು ಬಂದೂಕು ಹಿಡಿದರು. ಅದಾದ ಮೇಲೆ ತೋಟದ ಧಣಿಗಳು ಗುಲಾಮರ ಕಡೆಗೆ ಇನ್ನಷ್ಟು ವಾಲಿದರು, 1705ರಲ್ಲಿ ಗುಲಾಮಗಿರಿಯ ಕಾನೂನುಗಳೆಲ್ಲ ಒಂದೇ ಸಂಹಿತೆಯಾದವು. ಈ ಸರಪಳಿ ಮಗುವಿಗೆ ಅರ್ಥವಾದರೆ ಗುಲಾಮಗಿರಿಯ ವಿಷಯಕ್ಕೆ ಉತ್ತರ, ದಕ್ಷಿಣ ರಾಜ್ಯಗಳು ಕಾದಾಡಿದ 1861ರ ಅಂತರ್ಯುದ್ಧದ ಪಾಠದ ಅರ್ಧ ಕೆಲಸ ಮುಗಿದಂತೆ.

1763ರ ನಂತರದ್ದು ಪೂರ್ತಿ ಸಾಲದ ಕಥೆ. ಫ್ರಾನ್ಸಿನೊಡನೆ ನಡೆದ ಏಳು ವರ್ಷಗಳ ಯುದ್ಧ ಮುಗಿದಾಗ ಬ್ರಿಟನ್ನಿನ ಸಾಲ ಸುಮಾರು 13 ಕೋಟಿ ಪೌಂಡ್, ಯುದ್ಧಕ್ಕೆ ಮುಂಚೆ ಅದರ ಅರ್ಧಕ್ಕಿಂತ ತುಸು ಹೆಚ್ಚಿತ್ತು ಅಷ್ಟೆ. ಅಮೆರಿಕದ ವಸಾಹತುಗಳ ಮೇಲೆ ಹೇರಿದ 1764ರ ಸಕ್ಕರೆ ಕಾಯ್ದೆ, 1765ರ ಸ್ಟಾಂಪ್ ಕಾಯ್ದೆ, 1767ರ ಟೌನ್‌ಶೆಂಡ್ ಸುಂಕಗಳು ಎಲ್ಲ ಇಲ್ಲಿಂದ ಬಂದವು. ಮಕ್ಕಳು ಪದೇ ಪದೇ ಕೆಡಿಸುವುದು 1773ರ ಚಹಾ ಕಾಯ್ದೆಯನ್ನು. ಚಹಾ ದುಬಾರಿ ಮಾಡಿದ್ದಕ್ಕೆ ಜನ ಸಿಡಿದೆದ್ದರು ಎಂದು ಬರೆದುಬಿಡುತ್ತಾರೆ. ಆ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಚಹಾವನ್ನು ಅಗ್ಗ ಮಾಡಿತು. ಪೌಂಡ್ ತೂಕಕ್ಕೆ ಮೂರು ಪೆನ್ಸ್ ಸುಂಕ ಮಾತ್ರ ಹಾಗೇ ಉಳಿಯಿತು. ಅಗ್ಗದ ಚಹಾ ಕೊಂಡರೆ ಆ ಸುಂಕದ ಹಕ್ಕನ್ನು ಒಪ್ಪಿಕೊಂಡಂತೆ, ಕಳ್ಳಸಾಗಣೆಯ ಚಹಾ ಮಾರುವ ಬಾಸ್ಟನ್ ವ್ಯಾಪಾರಿಗೂ ಹೊಟ್ಟೆಯ ಮೇಲೆ ಹೊಡೆತ. ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಸಮುದ್ರಕ್ಕೆ ಬಿದ್ದದ್ದು ಇದಕ್ಕೆ.

ನಮ್ಮ ಮಕ್ಕಳಿಗೆ ಇಲ್ಲೊಂದು ಪಕ್ಕದ ಪ್ರಯೋಗ ಮಾಡಿದೆ. ಆ ಕಾಯ್ದೆಯ ಆಸರೆ ಬೇಕಾಗುವಷ್ಟು ಈಸ್ಟ್ ಇಂಡಿಯಾ ಕಂಪನಿ ಹಣಕ್ಕೆ ಪರದಾಡಿದ್ದು ಯಾಕೆ ಎಂದು ಹುಡುಕಿಸಿದೆ. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲವರೆಗೆ ಬಂದದ್ದು, ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿದದ್ದು, 1770ರ ಬಂಗಾಳದ ಕ್ಷಾಮ, ಗೋದಾಮಿನಲ್ಲಿ ಬಿದ್ದಿದ್ದ ಚಹಾ. ಪೆನ್ಸಿಲ್ವೇನಿಯಾದವರು 1782ರಲ್ಲಿ ತಮ್ಮ ಹಡಗೊಂದಕ್ಕೆ ಹೈದರಾಲಿಯ ಹೆಸರನ್ನೇ ಇಟ್ಟರು, ಡೆಲವೇರ್ ಕೊಲ್ಲಿಯಲ್ಲಿ ಅದು ಬ್ರಿಟಿಷ್ ಹಡಗನ್ನು ಹಿಡಿಯಿತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರೆದುರು ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಟಿಪ್ಪುವನ್ನು ತಂದು ನಿಲ್ಲಿಸಿದ. ಪರೀಕ್ಷೆಯಲ್ಲಿ ಇದಕ್ಕೆ ನೇರ ಅಂಕ ಇಲ್ಲ. ಆದರೆ ಚಹಾ ಕಾಯ್ದೆಯನ್ನು ತಪ್ಪಾಗಿ ಬರೆಯುವುದು ಇದಾದ ಮೇಲೆ ನಿಂತುಹೋಯಿತು.

1800ರಿಂದ 1844 ಅತಿ ಹೆಚ್ಚು ಮಕ್ಕಳು ಮುಗ್ಗರಿಸುವ ಜಾಗ. ಅಧ್ಯಕ್ಷರ ಪಟ್ಟಿ ಇಲ್ಲಿ ಏನೂ ಸಹಾಯ ಮಾಡುವುದಿಲ್ಲ. ನಾಲ್ಕು ಸಾಲು ಮಾಡುತ್ತದೆ. 1803ರಲ್ಲಿ ಒಂದೂವರೆ ಕೋಟಿ ಡಾಲರಿಗೆ ಲೂಸಿಯಾನಾ: ನೆಲ ಮತ್ತು ಸಾಲ. ಹತ್ತಿಯಿಂದ ಬೀಜ ಬೇರ್ಪಡಿಸುವ ವಿಟ್ನಿಯ ಜಿನ್ ಯಂತ್ರ 1793ರದು, ಅದನ್ನು ಹಿಂದಿನ ಘಟ್ಟದಿಂದ ಗೆರೆ ಎಳೆದು ಇಲ್ಲಿಗೆ ತರಬೇಕು. 1790ರಲ್ಲಿ ಏಳು ಲಕ್ಷದಷ್ಟಿದ್ದ ಗುಲಾಮರು 1860ಕ್ಕೆ ನಲವತ್ತು ಲಕ್ಷದ ಹತ್ತಿರ ಬಂದದ್ದಕ್ಕೆ ಕಾರಣ ಆ ಗೆರೆಯಲ್ಲೇ ಇದೆ. 1825ರಲ್ಲಿ ಮುಗಿದ ಈರಿ ಕಾಲುವೆ, ಬಫಲೋದಿಂದ ನ್ಯೂಯಾರ್ಕಿಗೆ ಟನ್ನಿಗೆ ನೂರು ಡಾಲರ್ ಇದ್ದ ಸಾಗಣೆ ಹತ್ತರೊಳಗೆ. 1834ರಲ್ಲಿ ಕೂಲಿ ಕಡಿತದ ವಿರುದ್ಧ ಕೆಲಸ ನಿಲ್ಲಿಸಿದ ಮಸಾಚುಸೆಟ್ಸ್‌ನ ಲೊವೆಲ್ ಬಟ್ಟೆ ಗಿರಣಿಯ ಹೆಣ್ಣುಮಕ್ಕಳು. ಆಸ್ತಿ ಇಲ್ಲದ ಬಿಳಿ ಗಂಡಸರಿಗೆ ಮತ ಸಿಗುತ್ತ ಹೋದ ಕಾಲದಲ್ಲೇ 1830ರ ಇಂಡಿಯನ್ ರಿಮೂವಲ್ ಕಾಯ್ದೆ ಮೂಲನಿವಾಸಿ ಚೆರೋಕಿಗಳ ನೆಲ ಕಿತ್ತುಕೊಳ್ಳಲು ದಾರಿ ಮಾಡಿತು. ಈ ಎರಡು ಚೀಟಿಗಳನ್ನು ಅಕ್ಕಪಕ್ಕ ಅಂಟಿಸಿ. ಆಗಿನ ಅಧ್ಯಕ್ಷ ಜಾಕ್ಸನ್ ಕಾಲದ ಪ್ರಜಾಪ್ರಭುತ್ವದ ಬಗ್ಗೆ ಒಂದು ವಾದ ಅಲ್ಲೇ ಸಿಗುತ್ತದೆ. ಮತದ ಸಾಲು ಸದಾ ಮುಂದಕ್ಕೇ ಹೋಗುತ್ತದೆ ಎಂಬ ನಂಬಿಕೆಯನ್ನೂ ಮುರಿಯಬೇಕು. ನ್ಯೂಜೆರ್ಸಿಯಲ್ಲಿ ಆಸ್ತಿ ಇದ್ದ ಹೆಂಗಸರಿಗೆ ಮತ ಇತ್ತು, 1807ರಲ್ಲಿ ಕಿತ್ತುಕೊಂಡರು.

ಅಂತರ್ಯುದ್ಧದ ಕದನಗಳನ್ನು ನಾನು ಹೆಚ್ಚು ಮುಟ್ಟುವುದಿಲ್ಲ. 1862ರ ಒಂದೇ ವರ್ಷಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ನೆಲೆಸಿ ಉಳುವವರಿಗೆ 160 ಎಕರೆ ಕೊಡುವ ಹೋಮ್‌ಸ್ಟೆಡ್ ಕಾಯ್ದೆ, ಪೆಸಿಫಿಕ್ ರೈಲ್ವೆ ಕಾಯ್ದೆ, ಕಾಗದದ ನೋಟು, ಎಲ್ಲವೂ ದಕ್ಷಿಣದ ಸದಸ್ಯರು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಇಲ್ಲದ ಹೊತ್ತಿನಲ್ಲಿ ಪಾಸಾದವು. ಕೈಗಾರಿಕೀಕರಣ ಇಲ್ಲಿಂದ ಸಿದ್ಧವಾಗುತ್ತದೆ. ಅಮೆರಿಕದ ಹತ್ತಿ ನಿಂತಾಗ ಬ್ರಿಟಿಷ್ ಗಿರಣಿಗಳು ಭಾರತಕ್ಕೆ ತಿರುಗಿದವು. ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ 1840ರ ದಶಕದಿಂದಲೇ ಇತ್ತು, ಯುದ್ಧದ ವರ್ಷಗಳಲ್ಲಿ ಬೆಲೆ ಗಗನಕ್ಕೇರಿ ಕುಮಟಾ ಬಂದರಿನಿಂದ ಹೊರಟಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಬಿತ್ತು. ಹುಬ್ಬಳ್ಳಿ ಕಡೆಯ ಮನೆಗಳ ಮಕ್ಕಳು ಈ ಚೀಟಿಯನ್ನು ತಾವೇ ಬರೆಯುತ್ತಾರೆ.

ಯುದ್ಧದ ನಂತರ ದಕ್ಷಿಣವನ್ನು ಮತ್ತೆ ಕಟ್ಟಿದ ಪುನರ್ನಿರ್ಮಾಣದ ಕಾಲಕ್ಕೆ ಲೆಕ್ಕದ ಹಾಳೆಯೊಂದನ್ನು ಮಾಡಿಸುತ್ತೇನೆ, ಇಡೀ ಪದ್ಧತಿಯಲ್ಲಿ ನನಗೆ ಹೆಚ್ಚು ಹೆಮ್ಮೆ ಅದರ ಮೇಲೆ. ಪಾಲಿಗೆ ಬೇಸಾಯ ಮಾಡುವ, ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬ, ಆರು ಬೇಲ್ (ಮೂಟೆ) ಹತ್ತಿ, ಬೇಲ್ ಒಂದಕ್ಕೆ 500 ಪೌಂಡ್ ತೂಕ. ಅರ್ಧ ಧಣಿಗೆ. ಉಳಿದ 1500 ಪೌಂಡ್ ಹತ್ತು ಸೆಂಟಿನಂತೆ 150 ಡಾಲರ್. ಬೀಜ, ಹಿಟ್ಟು, ಬಟ್ಟೆಗೆ ಅಂಗಡಿಯ ಸಾಲ ಬಡ್ಡಿ ಸೇರಿ 140 ಎಂದಿಟ್ಟುಕೊಳ್ಳಿ. ಕೈಯಲ್ಲಿ ಹತ್ತು. ಏಳು ಸೆಂಟಿಗೆ ಇಳಿಸಿದರೆ 35 ಡಾಲರ್ ಬಾಕಿ. 1890ರ ದಶಕದ ಮಧ್ಯದಲ್ಲಿ ಬೆಲೆ ಐದರ ಹತ್ತಿರ ಬಂತು, ಆಗ 65 ಬಾಕಿ. ಅದು ತೀರುವ ತನಕ ಬೆಳೆ ಅಂಗಡಿಯವನಿಗೇ ಅಡವು, ಊರು ಬಿಡುವ ಹಾಗಿಲ್ಲ. 1870ರ 15ನೇ ತಿದ್ದುಪಡಿ ಕಪ್ಪು ಗಂಡಸರಿಗೆ ಕೊಟ್ಟ ಮತವನ್ನು 1890ರ ಮಿಸಿಸಿಪ್ಪಿ ಸಂವಿಧಾನ ತಲೆಗಂದಾಯದಿಂದ, ಓದುವ ಪರೀಕ್ಷೆಯಿಂದ ಕಿತ್ತುಕೊಂಡದ್ದನ್ನು ಅದೇ ಹಾಳೆಯ ಕೆಳಗೆ ಬರೆಸುತ್ತೇನೆ. ಹಣ ಹೆಚ್ಚಿ ಬೆಲೆ ಏರಲೆಂದು ಬೆಳ್ಳಿ ನಾಣ್ಯಕ್ಕಾಗಿ 1896ರಲ್ಲಿ ಅಧ್ಯಕ್ಷ ಅಭ್ಯರ್ಥಿ ಬ್ರಯಾನ್ ಮಾಡಿದ ಪ್ರಚಾರ ಇಷ್ಟಾದ ಮೇಲೆ ವಿವರಣೆ ಬೇಡುವುದಿಲ್ಲ. ಬೆಲೆ ಬಿದ್ದಾಗ ಸಾಲ ಭಾರವಾಗುವುದನ್ನು ಮಗು ತಾನೇ ಕೂಡಿ ಕಳೆದಿರುತ್ತದೆ.

ಕೊನೆಯ ನಾಲ್ಕಡಿ ಬೇಗ ಸಾಗುತ್ತದೆ. ಹಿಂದಿನ ಘಟ್ಟದಿಂದ ಗೆರೆ ಎಳೆದು ತರುವುದು ಒಂದು: 1869ರಲ್ಲಿ ಯೂಟಾದ ಪ್ರೊಮೊಂಟರಿಯಲ್ಲಿ ದೇಶ ದಾಟುವ ರೈಲಿನ ಹಳಿ ಕೂಡಿತು. ಆಮೇಲೆ 1877ರಲ್ಲಿ ರೈಲು ಮುಷ್ಕರ, 1882ರಲ್ಲಿ ಹಳಿ ಹಾಕಿದ ಚೀನೀಯರಿಗೇ ಬಾಗಿಲು ಬಂದ್. 1890ರ ಶರ್ಮನ್ ಕಾಯ್ದೆ ಟ್ರಸ್ಟುಗಳನ್ನು, ಅಂದರೆ ಏಕಸ್ವಾಮ್ಯದ ಕಂಪನಿಕೂಟಗಳನ್ನು, ತಡೆಯಲೆಂದು ಬಂದದ್ದು, 1894ರ ಪುಲ್‌ಮನ್ ಮುಷ್ಕರದಲ್ಲಿ ಕಾರ್ಮಿಕರ ಮೇಲೆ ತಿರುಗಿತು. ಆ ಕಾಯ್ದೆಯ ಚೀಟಿಯಿಂದ ಎರಡು ಬಣ್ಣದ ಗೆರೆ ಎಳೆಸಿ.

ಕಾರ್ಡುಗಳಲ್ಲಿ ಇಸವಿ ಬರೆದು ಕೇಳುವ ಪದ್ಧತಿಯನ್ನೂ ಜೊತೆಗೆ ಓಡಿಸಿ ನೋಡಿದೆ. ಬಹು ಆಯ್ಕೆ ಪ್ರಶ್ನೆಗಳಲ್ಲಿ ಅಷ್ಟಿಷ್ಟು ಉಪಯೋಗ, ದಾಖಲೆಗಳನ್ನು ಓದಿ ಪ್ರಬಂಧ ಬರೆಯುವ ಡಿಬಿಕ್ಯುನಲ್ಲಿ ಏನೂ ಇಲ್ಲ. ಅಲ್ಲಿ ಏಳು ದಾಖಲೆ, ಏಳು ಅಂಕ, ಒಂದು ಗಂಟೆ. ಕಾಗದದ ಮೇಲಿನ ಗೆರೆಗಳೇ ಅಲ್ಲಿ ವಾದವಾಗುತ್ತವೆ, ದಾಖಲೆಯಲ್ಲಿಲ್ಲದ ಹೊರಗಿನ ಪುರಾವೆಯೂ ಅಲ್ಲಿಂದಲೇ ಸಿಗುತ್ತದೆ. ಕೊನೆಯ ವಾರದಲ್ಲಿ ಹನ್ನೆರಡು ಚೀಟಿಗಳನ್ನು ಬೋರಲು ಅಂಟಿಸಿ ಡಿಬಿಕ್ಯು ಬರೆಸುತ್ತೇನೆ. ಯಾವ ಹನ್ನೆರಡು ಎಂದು ಇಲ್ಲಿ ಹೇಳುವುದಿಲ್ಲ. ಈಗ ಪರೀಕ್ಷೆ ಪೂರ್ತಿ ಕಂಪ್ಯೂಟರಿನಲ್ಲಿ ಇರುವುದರಿಂದ ಅದನ್ನೂ ಟೈಪ್ ಮಾಡಿಸಿಯೇ ಬರೆಸಿ. ಹದಿನೈದು ನಿಮಿಷ ದಾಖಲೆ ಓದಲು, ನಲವತ್ತು ಬರೆಯಲು, ಉಳಿದ ಐದು ಮೊದಲ ಪ್ಯಾರಾದ ವಾದವನ್ನು ಮತ್ತೆ ಓದಿ ಬಿಗಿ ಮಾಡಲು.